ಈಸ್ಟ್ರೊಜೆನ್ ಗ್ರಾಹಿಯ ರಚನೆ ಮತ್ತು ಅದರ ಶೋಧನೆಯ ಚರಿತ್ರೆ

ರಕ್ತದಲ್ಲಿ ಸಂಚರಿಸುವ ಹಾರ್ಮೋನು ದೇಹದ ಸಕಲ ಅಂಗಗಳನ್ನೂ ಮುಟ್ಟುತ್ತದೆ. ಆದರೆ ಅದಕ್ಕೆ ಓಗೊಡುವ ಅಂಗಗಳು ಕೆಲವು ಮಾತ್ರ. ಇದಕ್ಕೆ ಕಾರಣವೇನೆಂಬ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು, ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸುವೆವು. ವಿಷಯವು ಜೀವವಿಜ್ಞಾನಕ್ಕೆ ಸೇರಿದುದಾದರೂ ಅದರ ಬೆಳವಣಿಗೆಯು ಚರಿತ್ರೆಯ ವಿದ್ಯಾರ್ಥಿಗೂ ವಿಚಾರಯೋಗ್ಯವಾದುದು.

ಈಸ್ಟ್ರೊಜೆನ್ ಕಿಣ್ವಗಳೊಡನೆ ಸೇರಿ, ತಾನೇ ರಾಸಾಯನಿಕವಾಗಿ ಮಾರ್ಪಡುತ್ತ ಕೆಲಸಮಾಡುವುದೆಂದು 1950ರ ದಶಕದಲ್ಲಿ ಅನೇಕ ವಿದ್ವಾಂಸರು ಭಾವಿಸಿದ್ದರು. ಆ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ಅವರು, ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ನಿನಿಂದ ಗುರುತುಮಾಡಿದ ಈಸ್ಟ್ರಡಯಾಲನ್ನು ಎಳೆಯ ಹೆಣ್ಣಿಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ರಕ್ತದಲ್ಲಿ ಅದು ಬೇಗನೆ ಕಡಿಮೆಯಾಯಿತು. ಗರ್ಭಾಶಯದಲ್ಲಾದರೋ ತನ್ನ ರೂಪ ಕೆಡದೆ ಬಹುಕಾಲ ಉಳಿಯಿತು. ಹಾಗಾದರೆ ಅದನ್ನು ಹಿಡಿದಿಡುವ ವಸ್ತುವೊಂದು ಅಲ್ಲಿರಲೇಬೇಕು. ಆ ವಸ್ತುವೇ ಗ್ರಾಹಿಯೆಂಬ ಪ್ರೋಟೀನು.

595 ಅಮೈನೋ ಆಮ್ಲಗಳ ಈ ಪ್ರೋಟೀನಿನ ಪೂರ್ಣ ಕ್ರಮವು 1986ರಲ್ಲಿ ಪ್ರಕಟವಾಯಿತು. ಇದೇ ಮನೆತನದ 48 ಗ್ರಾಹಿಗಳು ಮಾನವನಲ್ಲಿವೆ. ಇವುಗಳಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಭಾಗಗಳುಂಟು. ಮೊದಲನೆಯದು ಎರಡು ಸತುವಿನ ಪರಮಾಣುಗಳ ಆಧಾರದಿಂದ ಮಡಿಕೆಗೊಂಡು, ಡಿಎನ್‌ಎಯ ಗೊತ್ತಾದ ಸ್ಥಾನವನ್ನು ಹಿಡಿಯುತ್ತದೆ. ಎರಡನೆಯದು ಹಾರ್ಮೋನನ್ನು ತನ್ನ ಒಡಲಲ್ಲಿ ಇರಿಸಿಕೊಳ್ಳುತ್ತದೆ.

ಈ ಎರಡನೆಯ ಭಾಗದ ರಚನೆಯೇ ನಮ್ಮ ವಿಷಯದ ತಿರುಳು. ಸುಮಾರು ಹನ್ನೆರಡು ಸುರುಳಿಗಳು ಮೂರು ಪದರಗಳಾಗಿ ಜೋಡಿಸಿಕೊಂಡಿದ್ದು, ಅವುಗಳ ನಡುವೆ ನೀರು ಒಲ್ಲದ ಒಂದು ಕುಳಿಯುಂಟು. ಹನ್ನೆರಡನೆಯ ಸುರುಳಿಯು ಆ ಕುಳಿಗೆ ಮುಚ್ಚಳದಂತಿದೆ. 1997ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸಹಯೋಗಿಗಳೊಡನೆ ಕ್ಷ-ಕಿರಣಗಳ ನೆರವಿನಿಂದ ಇದರ ಸ್ಫಟಿಕಗಳನ್ನು ಪರಿಶೀಲಿಸಿ ಪ್ರಕಟಿಸಿದ ಫಲಿತಾಂಶವು ಬಹು ಸ್ಪಷ್ಟವಾಗಿತ್ತು. ಈಸ್ಟ್ರಡಯಾಲ್ ಕುಳಿಯಲ್ಲಿ ಕುಳಿತಾಗ ಮುಚ್ಚಳವು ಮುಚ್ಚಿಕೊಳ್ಳುತ್ತದೆ. ಆಗ ಹೊರಮೈಯಲ್ಲಿ ಒಂದು ತೋಡು ಸಿದ್ಧವಾಗುತ್ತದೆ. ಸಹಾಯಕ ಪ್ರೋಟೀನುಗಳು ಅಲ್ಲಿ ಬಂದು ನೆಲೆಸಿ ಜೀನನ್ನು ಕಾರ್ಯೋನ್ಮುಖವಾಗಿಸುತ್ತವೆ. ರಾಲಾಕ್ಸಿಫೀನ್ ಎಂಬ ಔಷಧ ಕುಳಿತಾಗಲಾದರೋ ಅದರ ಉದ್ದವಾದ ಬಾಲವು ಹೊರಚಾಚಿ ಮುಚ್ಚಳವನ್ನು ತಡೆಯುತ್ತದೆ. ಜಾಗ ತಪ್ಪಿದ ಸುರುಳಿಯು ಆ ತೋಡಿನಲ್ಲಿಯೇ ಹೋಗಿ ಮಲಗುತ್ತದೆ. ಸಹಾಯಕ ಪ್ರೋಟೀನಿಗೆ ಎಡೆಯಿಲ್ಲದಂತಾಗುತ್ತದೆ.

ಸ್ತನದ ಅರ್ಬುದರೋಗಕ್ಕೆ ಕೊಡುವ ಟಮಾಕ್ಸಿಫೆನ್ನಿನ ವಿಷಯದಲ್ಲೂ ಇದೇ ಬಗೆಯ ತಡೆಯುಂಟೆಂದು 1998ರಲ್ಲಿ ಸಿದ್ಧವಾಯಿತು. ಅಮೆರಿಕದಲ್ಲಿ ಆ ಔಷಧಕ್ಕೆ ಅನುಮತಿ ದೊರೆತುದಾದರೋ 1977ರಲ್ಲಿ. ಉಪಯೋಗವು ಮೊದಲು ಬಂದು, ಅದರ ವಿವರಣೆಯು ಎರಡು ದಶಕಗಳ ತರುವಾಯ ಬಂದಿತೆಂಬುದು ಗಮನಾರ್ಹ. ಸಿದ್ಧಾಂತದಿಂದಲೇ ಪ್ರಯೋಜನ ಹುಟ್ಟುವುದೆಂಬ ಸರಳ ನಂಬಿಕೆಗೆ ಈ ಚರಿತ್ರೆಯು ಒಪ್ಪುವುದಿಲ್ಲ.

ರಚನೆಯೊಂದರಿಂದಲೇ ಎಲ್ಲವೂ ತಿಳಿಯಿತೆನ್ನುವಂತೆಯೂ ಇಲ್ಲ. ಸ್ತನದಲ್ಲಿ ಈಸ್ಟ್ರೊಜೆನ್ನನ್ನು ತಡೆಯುವ ಟಮಾಕ್ಸಿಫೆನ್, ಗರ್ಭಾಶಯದಲ್ಲಿ ಒಂದು ಮಟ್ಟಿಗೆ ಈಸ್ಟ್ರೊಜೆನ್ನಿನಂತೆಯೇ ವರ್ತಿಸುತ್ತದೆ. ಆಯಾ ಅಂಗದಲ್ಲಿರುವ ಸಹಾಯಕ ಪ್ರೋಟೀನುಗಳ ಬಗೆ ಮತ್ತು ಪ್ರಮಾಣಗಳನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಆದರೂ ಜೆನ್ಸನ್ನರ ಇಲಿಗಳಿಂದ ಮೊದಲಾದ ಶೋಧನೆಯು ಇಂದು ವೈದ್ಯರ ನಿತ್ಯದ ನಿರ್ಣಯವಾಗಿ ಪರಿಣಮಿಸಿದೆ: ಸ್ತನದ ಗೆಡ್ಡೆಯಲ್ಲಿ ಈ ಗ್ರಾಹಿ ಇದೆಯೇ ಇಲ್ಲವೇ ಎಂದು ಪರೀಕ್ಷಿಸಿದ ಮೇಲೆಯೇ ರೋಗಿಗೆ ಇಂಥ ಔಷಧವನ್ನು ಕೊಡಬೇಕೆ ಎಂಬುದು ನಿಶ್ಚಯವಾಗುತ್ತದೆ.