ಸಂತೆಗೆ ಹೊರಟ ಕುರಿಯ ಕೊನೆಯ ಎರಡು ದಿನ



ಕುರಿಮರಿಗೆ ಜಂತಿನ ಔಷಧಿ ಕುಡಿಸಿ, ಹಿರೇಬೇನೆಗೆ ಲಸಿಕೆ ಹಾಕಿಸಿ, ತಿಂಗಳುಗಟ್ಟಲೆ ಜೋಪಾನ ಮಾಡುತ್ತೇವೆ. ಲಾರಿ ಹತ್ತಿಸುವ ದಿನ ಮಾತ್ರ "ಹೇಗೂ ಕೊಯ್ಯುವ ಕುರಿ" ಎಂದುಬಿಡುತ್ತೇವೆ. ಈ ಮಾತು ದಯೆಗೂ ಸಲ್ಲದು, ಲೆಕ್ಕಕ್ಕೂ ಸಲ್ಲದು.

ಕಳೆದ ಬೇಸಿಗೆಯಲ್ಲಿ ನನ್ನ ವಲಯದ ಒಂದು ಹಳ್ಳಿಯವರು ಒಟ್ಟಾಗಿ ಲಾರಿ ಗೊತ್ತುಮಾಡಿ ಬೆಂಗಳೂರಿಗೆ ಕುರಿ ಕಳುಹಿಸಿದರು. 40 ಹಿಡಿಯುವ ಲಾರಿಗೆ 62 ತುಂಬಿದರು. ಬಾಡಿಗೆ ಉಳಿಯುತ್ತದೆಂದು ನಾನೂ ಸುಮ್ಮನಿದ್ದೆ; ಅದು ನನ್ನ ತಪ್ಪು. ರಾತ್ರಿಯೆಲ್ಲ ಪ್ರಯಾಣ. ಬೆಳಗಾಗುವಾಗ 5 ಕುರಿಗಳು ಉಸಿರುಗಟ್ಟಿ ಸತ್ತಿದ್ದವು. ಅವುಗಳಲ್ಲಿ 3 ಒಬ್ಬ ವಿಧವೆ ತಾಯಿಯವು, ಆಕೆಗಿದ್ದುದೇ 6.

ಕಾಯಿದೆ ಏನು ಹೇಳುತ್ತದೆ?

ದನಕರುಗಳಿಗೆ ಬೇರೆ ಕಾಯಿದೆಯುಂಟು. ಇಲ್ಲಿ ಕುರಿ ಮೇಕೆಗಳ ಮಾತು ಮಾತ್ರ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ 1960ರಲ್ಲಿ ಬಂದಿತು. ಅದರಡಿ 1978ರಲ್ಲಿ ಸಾಗಾಣಿಕೆಯ ನಿಯಮಗಳಾದವು. 6 ಗಂಟೆ ಮೀರಿದ ಪ್ರಯಾಣಕ್ಕೆ ಪಶುವೈದ್ಯರ ಪ್ರಮಾಣಪತ್ರ ಬೇಕು. ನಾಲ್ಕೂವರೆ ಅಥವಾ 5 ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಮೇಕೆ ತುಂಬಕೂಡದು. ಕೆಳಗೆ ಹುಲ್ಲು ಹಾಸಬೇಕು. ಕಾಲು ಕಟ್ಟಿ ಕೆಡವಕೂಡದು.

ಕಸಾಯಿಖಾನೆಯ ನಿಯಮಗಳು 2001ರಲ್ಲಿ ಬಂದವು. ಪುರಸಭೆಯ ಎಲ್ಲೆಯೊಳಗೆ ಪರವಾನಗಿ ಪಡೆದ ಕಸಾಯಿಖಾನೆಯಲ್ಲೇ ಕೊಯ್ಯಬೇಕು. ಗಬ್ಬದ ಕುರಿ, 3 ತಿಂಗಳೊಳಗಿನ ಮರಿ, ಅಂಥ ಮರಿಯುಳ್ಳ ತಾಯಿ ಇವನ್ನು ಕೊಯ್ಯಕೂಡದು. ಪಶುವೈದ್ಯರು ಮೊದಲು ಪರೀಕ್ಷಿಸಬೇಕು; ಗಂಟೆಗೆ 12, ದಿನಕ್ಕೆ 96 ಪ್ರಾಣಿಗಳನ್ನು ಮೀರಿ ಪರೀಕ್ಷಿಸುವಂತಿಲ್ಲ. ತಂಗುವ ಕಡೆ ನೀರು, ಮೇವು ಇರಬೇಕು. ಒಂದರ ಕಣ್ಣೆದುರಿಗೆ ಇನ್ನೊಂದನ್ನು ಕೊಯ್ಯಕೂಡದು.

ಇದರಿಂದ ನಮಗೇನು?

ಕುರಿಯ ಮಾಂಸಖಂಡದಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತುವಿನ ಸಂಗ್ರಹವಿರುತ್ತದೆ. ಕೊಯ್ದ ಮೇಲೆ ಅದು ಆಮ್ಲವಾಗಿ ಮಾರ್ಪಟ್ಟು, ಮಾಂಸ ಬೇಗ ಕೆಡದಂತೆ ಕಾಯುತ್ತದೆ. ಹಸಿದು, ಹೆದರಿ, ದಣಿದ ಕುರಿ ಈ ಸಂಗ್ರಹವನ್ನು ದಾರಿಯಲ್ಲೇ ವೆಚ್ಚ ಮಾಡಿಬಿಡುತ್ತದೆ. ಅದರ ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ. ಪೆಟ್ಟು ಬಿದ್ದ ಭಾಗದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಅದನ್ನು ಕತ್ತರಿಸಿ ಎಸೆಯಬೇಕಾಗುತ್ತದೆ. ವ್ಯಾಪಾರಿ ಈ ನಷ್ಟವನ್ನು ಮುಂದಿನ ಸಂತೆಯಲ್ಲಿ ನಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ.

ನಾವು ಮಾಡಬೇಕಾದುದು

1. ತಂಪು ಹೊತ್ತಿನಲ್ಲಿ, ನೀರು ಕುಡಿಸಿ ಹತ್ತಿಸಿರಿ. ಉಣ್ಣೆ ಹಿಡಿದು ಎಳೆಯಬೇಡಿ. ಚರ್ಮದಡಿ ರಕ್ತ ಕಟ್ಟುತ್ತದೆ. ಮಣ್ಣಿನ ದಿಬ್ಬಕ್ಕೆ ಲಾರಿ ತಾಗಿಸಿ ನಿಲ್ಲಿಸಿದರೆ ಕುರಿ ತಾನೇ ನಡೆದು ಹತ್ತುತ್ತದೆ.

2. ಟಗರುಗಳನ್ನು ಹೆಣ್ಣು ಕುರಿಗಳೊಡನೆ ಸೇರಿಸಿ ತುಂಬಬೇಡಿ.

3. ಚುಚ್ಚುಮದ್ದು ಹಾಕಿಸಿದ್ದರೆ, ಪಶುವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಮಾರಬೇಡಿ. ಔಷಧದ ಅಂಶ ಮಾಂಸದಲ್ಲಿ ಉಳಿದಿರುತ್ತದೆ.

4. ಊರ ಹಬ್ಬದಲ್ಲಿ ಕೊಯ್ಯುವಾಗ ಪಶುವೈದ್ಯರ ಪರೀಕ್ಷೆ ಇರುವುದು ಅಪರೂಪ, ಎಚ್ಚರಿಕೆ ನಮ್ಮದೇ. ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡರೆ ಅದನ್ನು ನಾಯಿಗೆ ಎಸೆಯಬೇಡಿ. ನಾಯಿಯ ಕರುಳಿನಲ್ಲಿ ಲಾಡಿಹುಳುವಾಗಿ ಬೆಳೆದು, ಅದರ ಮೊಟ್ಟೆ ನಮ್ಮ ಮಕ್ಕಳ ಹೊಟ್ಟೆ ಸೇರಿ, ಅಂಥದೇ ಗುಳ್ಳೆ ಅವರಲ್ಲೂ ಏಳುತ್ತದೆ. ಅಂಥ ಭಾಗವನ್ನು ಸುಡಿರಿ, ಇಲ್ಲವೆ ಆಳವಾಗಿ ಹೂಳಿರಿ.

5. ಕುರಿ ಹಠಾತ್ತನೆ ಸತ್ತು, ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ರಕ್ತ ಬಂದರೆ ನೆರಡಿ ರೋಗವಿರಬಹುದು. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಆ ವಿಷಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಕೂಡಲೇ ಪಶು ಆಸ್ಪತ್ರೆಗೆ ಹೇಳಿಕಳುಹಿಸಿರಿ.

ಆ ಹಳ್ಳಿಯವರು ಈಗ 40ರ ಮೇಲೆ ಒಂದು ಕುರಿಯನ್ನೂ ಹತ್ತಿಸುವುದಿಲ್ಲ. ಬಾಡಿಗೆ ತುಸು ಹೆಚ್ಚಾಗಿದೆ, ಕುರಿ ಸತ್ತಿಲ್ಲ. ಲಾರಿಯ ಬಳಿ ನಿಂತು ಎಣಿಸುವ ಕೆಲಸವನ್ನು ಆ ತಾಯಿಗೇ ಒಪ್ಪಿಸಿದ್ದಾರೆ. ತಮ್ಮ ಊರಿನಲ್ಲಿಯೂ ಹೀಗೆ ಎಣಿಸುವವರು ಒಬ್ಬರಿರಲಿ. ಪ್ರಮಾಣಪತ್ರಕ್ಕಾಗಿ ಪಶುವೈದ್ಯರಲ್ಲಿಗೆ ಹೋಗುವಾಗ ನನಗೂ ತಿಳಿಸಿರಿ, ಜೊತೆಗೆ ಬರುತ್ತೇನೆ.

— ಗ್ರಾಮಸೇವಕ