ಕಡಲಲ್ಲಿ ಚಂಡಮಾರುತ, ಗದ್ದೆಯಲ್ಲಿ ಮೊಳಕೆ

ಚಂಡಮಾರುತ ಅಂದರೆ ಅದು ಕಾರವಾರ, ಭಟ್ಕಳದವರ ಚಿಂತೆ ಅಂತ ಹಳಿಯಾಳ, ಮುಂಡಗೋಡ ಕಡೆಯ ನಾವು ಸುಮ್ಮನಿರುತ್ತೇವೆ. ನಡುವೆ ಘಟ್ಟ ಇದೆ, ಗಾಳಿ ಇಲ್ಲಿಗೆ ಬರುವಷ್ಟರಲ್ಲಿ ಸೊರಗುತ್ತದೆ, ನಿಜ. ಆದರೆ ನಮ್ಮನ್ನು ಕೆಡಿಸುವುದು ಗಾಳಿಯಲ್ಲ, ಮಳೆ.

ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪಕ್ಕೆ 2017ರ ಸೆಪ್ಟೆಂಬರಿನಲ್ಲಿ 'ಮರಿಯಾ' ನೇರವಾಗಿ ಬಡಿದು ಬಾಳೆ ತೋಟಗಳನ್ನು ಮಲಗಿಸಿತು. ನಮಗೆ ಹಾಗೆ ಬಡಿಯಬೇಕಂತಲೇ ಇಲ್ಲ. 2019ರ ಅಕ್ಟೋಬರಿನ 'ಕ್ಯಾರ್' ನೋಡಿ. ಅರಬ್ಬಿ ಸಮುದ್ರದಲ್ಲಿ ಹುಟ್ಟಿ, ದೀಪಾವಳಿ ಹೊತ್ತಿಗೆ ಸೂಪರ್ ಸೈಕ್ಲೋನ್ ಆಯಿತು. 2007ರ 'ಗೋನು' ನಂತರ ಈ ಕಡಲಲ್ಲಿ ಅಷ್ಟು ಬಲದ್ದು ಅದೇ. ಅದು ನಮ್ಮ ದಂಡೆ ಹತ್ತಲಿಲ್ಲ, ಪಶ್ಚಿಮಕ್ಕೆ ಸರಿದು ಕಡಲಲ್ಲೇ ಕರಗಿತು. ಆದರೂ ಮೋಡ ಇತ್ತ ತಳ್ಳಿತು. ನಮ್ಮೂರಲ್ಲಿ ಕೊಯ್ದು ಹಾಸಿದ್ದ ಭತ್ತ ತೆನೆಯಲ್ಲೇ ಮೊಳೆಯಿತು.

ಕಾರಣ ಸರಳ. ಕಾದ ಕಡಲ ನೀರು ಆವಿಯಾಗಿ ಚಂಡಮಾರುತಕ್ಕೆ ಬಲ ಕೊಡುತ್ತದೆ. ಅದರ ಮೋಡ ನಡುಗಣ್ಣಿನಿಂದ ನೂರಾರು ಕಿಲೋಮೀಟರ್ ಹರಡಿರುತ್ತದೆ. ಅರಬ್ಬಿ ಸಮುದ್ರದಲ್ಲಿ ಇದರ ಕಾಲ ಎರಡು: ಮುಂಗಾರಿನ ಮುಂಚೆ ಮೇ-ಜೂನ್, ಮುಂಗಾರು ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರ್. 2021ರ ಮೇ ತಿಂಗಳ 'ತೌಕ್ತೆ' ಬಂದಾಗ ನಮ್ಮ ಹೊಲ ಖಾಲಿ ಇತ್ತು. ಅಕ್ಟೋಬರಿನದು ಹಾಗಲ್ಲ, ವರ್ಷದ ಅನ್ನವೇ ಗದ್ದೆಯಲ್ಲಿರುತ್ತದೆ.

ಆದ್ದರಿಂದ ರೇಡಿಯೋದಲ್ಲಿ ಚಂಡಮಾರುತ ಎಲ್ಲಿಗೆ ಅಪ್ಪಳಿಸುತ್ತದೆ ಅಂತ ಮಾತ್ರ ಕೇಳಬೇಡಿ. ನಮ್ಮ ಜಿಲ್ಲೆಗೆ ಮಳೆ ಎಷ್ಟು ದಿನ ಅಂತ ಕೇಳಿ.

ಮಳೆಯ ಸೂಚನೆ ಇದ್ದರೆ ಒಂದೇ ದಿನದಲ್ಲಿ ಕೊಯ್ದು, ಬಡಿದು, ಮನೆಗೆ ತರುವಷ್ಟೇ ಕೊಯ್ಯಿರಿ. ಉಳಿದದ್ದು ನಿಂತಿರಲಿ. ನಿಂತ ತೆನೆಯ ನೀರು ಇಳಿದುಹೋಗುತ್ತದೆ, ನೆಲಕ್ಕೆ ಬಿದ್ದದ್ದು ನೀರಲ್ಲೇ ನೆನೆಯುತ್ತದೆ. ಒಡ್ಡು ಕಡಿದು ಗದ್ದೆ ಬಸಿಯಿರಿ. ಕೊಯ್ದದ್ದು ನೆನೆದಿದ್ದರೆ ಲೀಟರ್ ನೀರಿಗೆ 50 ಗ್ರಾಂ ಅಡಿಗೆ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸಿ, ಮೊಳಕೆ ತಡೆಯುತ್ತದೆ. ಹಸಿಯಾಗಿ ಬಣವೆ ಒಟ್ಟಬೇಡಿ, ಒಳಗೆ ಕಾವೇರಿ ಕಾಳು ಕಪ್ಪಾಗುತ್ತದೆ. ತಾಡಪತ್ರಿಯನ್ನೂ ಬಿಸಿಲು ಬಂದ ಕೂಡಲೇ ತೆಗೆಯಿರಿ.

ಫಸಲ್ ಬಿಮಾ ಮಾಡಿಸಿದ್ದರೆ ಇನ್ನೊಂದು ಮಾತು. ಕೊಯ್ದು ಒಣಗಲು ಗದ್ದೆಯಲ್ಲಿ ಬಿಟ್ಟ ಬೆಳೆ 14 ದಿನದೊಳಗೆ ಇಂಥ ಮಳೆಗೆ ಕೆಟ್ಟರೆ ಪರಿಹಾರ ಕೇಳಬಹುದು. ಆದರೆ 72 ತಾಸಿನೊಳಗೆ ತಿಳಿಸಬೇಕು. ಮಳೆ ನಿಲ್ಲಲಿ ಅಂತ ಕಾದು ಕೂತರೆ ಆ ಮೂರು ದಿನ ಮಳೆಯಲ್ಲೇ ಕಳೆದುಹೋಗುತ್ತದೆ.