ಜಲಪಾತಕ್ಕೆ ಹೊರಡುವ ಮುನ್ನ ಹೃದಯವನ್ನೊಮ್ಮೆ ಕೇಳಿ

ಮಳೆ ಹಿಡಿದರೆ ಮಹಾಪೆಯ ಬೆನ್ನಿಗಿರುವ ಗುಡ್ಡಗಳು ಊರಿನ ಮಲೆನಾಡನ್ನೇ ನೆನಪಿಸುತ್ತವೆ. ಘನ್ಸೋಲಿ ಕಡೆಯ ಗವಳಿದೇವ ಬೆಟ್ಟದಲ್ಲಿ ಕಾಡು ಸುತ್ತಿ, ಜಲಪಾತ ನೋಡಿ ಬರುವುದು ಒಳ್ಳೆಯ ವ್ಯಾಯಾಮವೇ. ಆದರೆ ವಾರವಿಡೀ ಕುರ್ಚಿಯಲ್ಲಿ ಕುಳಿತವರಿಗೆ ಭಾನುವಾರದ ದಿಢೀರ್ ಏರು ಅಪಾಯ. ತೇವದ ಹವೆಯಲ್ಲಿ ಬೆವರು ಆರುವುದಿಲ್ಲ. ಮೈ ತಣಿಸಲು ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ.

1. ಕೆಲವು ವಾರ ಮೊದಲೇ ದಿನಾ 30 ನಿಮಿಷ ಬಿರುಸಾಗಿ ನಡೆಯಿರಿ. ಮೂರು ಮಹಡಿ ಹತ್ತುವಾಗಲೇ ಎದೆ ಬಿಗಿದರೆ ಮೊದಲು ವೈದ್ಯರು, ಆಮೇಲೆ ಬೆಟ್ಟ.

2. ಬಿಪಿ ಮಾತ್ರೆ ತಪ್ಪಿಸಬೇಡಿ. ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ.

3. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು.

4. ಸುತ್ತುದಾರಿಯಲ್ಲಿ ಅರ್ಧ ದಾಟುವ ಮೊದಲೇ ನಿರ್ಧರಿಸಿ. ದಾಟಿದ ಮೇಲೆ ಹಿಂದಿರುಗುವ ದಾರಿಯೇ ಉದ್ದ.

5. ಎದೆಭಾರ, ದವಡೆ ಅಥವಾ ಎಡಗೈ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮುಂದೆ ಹೋಗಬೇಡಿ. ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಿ. ಕಾಡಿನಲ್ಲಿ ನೆಟ್‌ವರ್ಕ್ ಸಿಗದಿರಬಹುದು, ಒಬ್ಬರೇ ಹೋಗಬೇಡಿ.

6. ಖಾರ್ಘರ್‌ನ ಪಾಂಡವಕಡಾದಲ್ಲಿ ಮುಳುಗಿ ಸತ್ತವರಿದ್ದಾರೆ. ಪ್ರವೇಶ ನಿಷೇಧದ ಫಲಕವಿದ್ದಲ್ಲಿ ಕಾಲಿಡಬೇಡಿ.

ಮನೆಯ ಹಿರಿಯರಿಗೂ ಓದಿ ಹೇಳಿ, ಕನ್ನಡ ಬಳಗಕ್ಕೆ ಕಳುಹಿಸಿ.